ಒಣದ್ರಾಕ್ಷಿ ತಿಂದ ಪಾಂಡು: ಚೆನ್ನಾಗಿದ್ದಾಗಲೇ ಡ್ರಿಪ್ ಹಾಕಿದ ಒಂದು ಪ್ರಕರಣ

ನಾಯಿಗೆ ಒಣದ್ರಾಕ್ಷಿ ಕೊಡಬಹುದಾ ಅಂತ ಮೊದಲೇ ಕೇಳಿದರೆ ಉತ್ತರ ಸುಲಭ. ಬೇಡ. ಹಸಿ ದ್ರಾಕ್ಷಿನೂ ಬೇಡ. ಆದರೆ ಕ್ಲಿನಿಕ್‌ಗೆ ಫೋನ್ ಮಾಡುವವರು ಹಾಗೆ ಕೇಳುವುದಿಲ್ಲ. "ತಿಂದುಬಿಟ್ಟಿದೆ ಮೇಡಂ, ಆದರೆ ಚೆನ್ನಾಗೇ ಇದೆ, ಏನಾಗಲ್ಲ ಅಲ್ವಾ?" ಅನ್ನುತ್ತಾರೆ. ಈ ಪ್ರಕರಣ ಬರೆಯುತ್ತಿರುವುದು ಆ "ಚೆನ್ನಾಗೇ ಇದೆ" ಅನ್ನೋ ಮಾತಿಗಾಗಿ. ಮನೆಯವರು ಬರೆಯೋಕೆ ಒಪ್ಪಿದ್ದಾರೆ. ಊರು, ನಾಯಿಯ ಹೆಸರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ತೂಕದ ಲೆಕ್ಕ, ರಕ್ತಪರೀಕ್ಷೆಯ ಅಂಕಿ ಮಾತ್ರ ಇದ್ದದ್ದು ಇದ್ದ ಹಾಗೆ.

ಮನೆ ಮತ್ತು ನಾಯಿ

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರು. ಮನೆಯಲ್ಲಿ ವಯಸ್ಸಾದ ಯಜಮಾನರು, ಅವರ ಹೆಂಡತಿ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಮಗನಿಗೆ ವಿಜಯಪುರದಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ. ಬರುವಾಗ ಒಣದ್ರಾಕ್ಷಿ ತರುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಅದು ಬೆಳೆಯೋ ಜಾಗ, ಇಲ್ಲಿಗಿಂತ ಅಗ್ಗ, ಮಾಲೂ ಚೆನ್ನಾಗಿರುತ್ತೆ. ಹೀಗಾಗಿ ಆ ಮನೆಯಲ್ಲಿ ಒಣದ್ರಾಕ್ಷಿಗೆ ಯಾವತ್ತೂ ಕೊರತೆ ಇರಲಿಲ್ಲ.

ಪಾಂಡು ಆರು ವರ್ಷದ ಗಂಡು ನಾಯಿ. ಪಮೇರಿಯನ್ ಅಂತ ಮನೆಯವರು ಹೇಳುತ್ತಾರೆ. ನಮ್ಮಲ್ಲಿ ಪಮೇರಿಯನ್ ಅಂತ ಕರೆಸಿಕೊಳ್ಳುವ ಹೆಚ್ಚಿನ ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್, ಇದೂ ಅದೇ. ತೂಕ 8.4 ಕೆಜಿ. ಏಳರ ಆಸುಪಾಸಿನಲ್ಲಿ ಇರಬೇಕಿತ್ತು. ಲಸಿಕೆ ಎಲ್ಲ ಸಮಯಕ್ಕೆ ಆಗಿತ್ತು, ಹಿಂದೆ ದೊಡ್ಡ ಕಾಯಿಲೆ ಯಾವುದೂ ಇರಲಿಲ್ಲ.

ಈ ಪ್ರಕರಣಕ್ಕೆ ಬೇಕಾದ ಒಂದು ಮುಖ್ಯ ವಿಷಯ ಇದೆ. ಯಜಮಾನರು ದಿನಾ ಬೆಳಗ್ಗೆ ಪೂಜೆ ಮುಗಿಸಿ, ದೇವರ ಮುಂದಿಟ್ಟ ಒಣದ್ರಾಕ್ಷಿಯಲ್ಲಿ ನಾಲ್ಕೈದನ್ನು ಪಾಂಡುಗೆ ಕೊಡುತ್ತಿದ್ದರು. ವರ್ಷಗಟ್ಟಲೆ ಕೊಟ್ಟಿದ್ದಾರೆ. ನಾಯಿಗೆ ಏನೂ ಆಗಿರಲಿಲ್ಲ. ಮುಂದೆ ಆ ಮನೆಯಲ್ಲಿ ನಡೆದ ಪ್ರತಿ ವಾದಕ್ಕೂ ಇದೇ ಸಾಕ್ಷಿಯಾಯಿತು.

ಶುಕ್ರವಾರ ಸಂಜೆ

ವರಮಹಾಲಕ್ಷ್ಮಿ ಹಬ್ಬ. ಬೆಳಗ್ಗೆ ಅರ್ಧ ಕೆಜಿಯ ಹೊಸ ಪ್ಯಾಕೆಟ್ ಒಡೆದು ಅಜ್ಜಿ ಪಾಯಸಕ್ಕೆ ಒಂದು ಹಿಡಿ ಹಾಕಿದ್ದರು. ಉಳಿದದ್ದು ತಾಂಬೂಲದ ಸಾಮಾನಿನ ಜೊತೆ ನಡುಮನೆಯ ಮಂಚದ ಮೇಲೆ ಇತ್ತು. ಸಂಜೆ ಹೆಂಗಸರು ಅರಿಶಿನ ಕುಂಕುಮಕ್ಕೆ ಅಂತ ನಾಲ್ಕು ಮನೆ ಸುತ್ತಲು ಹೋದರು. ಯಜಮಾನರು ಜಗಲಿಯಲ್ಲಿ ಕೂತಿದ್ದರು. ಏಳೂವರೆಗೆ ಎಲ್ಲರೂ ವಾಪಸ್ ಬಂದಾಗ ಪ್ಯಾಕೆಟ್ ಹರಿದಿತ್ತು, ಪಾಂಡು ಬಾಲ ಆಡಿಸುತ್ತಾ ಎದುರಿಗೆ ಬಂತು.

ಇಲ್ಲಿಂದ ರಾತ್ರಿ ಒಂಬತ್ತೂವರೆವರೆಗೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಆಗೋದೂ ಇದೇ.

ಯಜಮಾನರು ಹೇಳಿದ್ದು, "ದಿನಾ ತಿನ್ನುತ್ತೆ, ಏನಾಗಲ್ಲ ಬಿಡಿ. ಹೆಚ್ಚೆಂದರೆ ಭೇದಿ ಆಗುತ್ತೆ." ಮಗನಿಗೆ ಫೋನ್ ಹೋಯಿತು. ಅವರು ಅಲ್ಲಿಂದ, "ಇಲ್ಲಿ ತೋಟದ ನಾಯಿಗಳು ದ್ರಾಕ್ಷಿ ತಿಂದ್ಕೊಂಡೇ ಬೆಳೆಯುತ್ತವೆ, ಸುಮ್ನೆ ಗಾಬರಿ ಆಗಬೇಡಿ" ಅಂದರು. ಪಕ್ಕದ ಮನೆ ಹುಡುಗ ಮೊಬೈಲ್‌ನಲ್ಲಿ ಏನೋ ನೋಡಿ, ಉಪ್ಪುನೀರು ಕುಡಿಸಿದರೆ ವಾಂತಿ ಆಗುತ್ತೆ ಅಂದ. ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕದಡಿ ಕುಡಿಸಲು ನೋಡಿದರು. ಅರ್ಧ ಒಳಗೆ ಹೋಯಿತು, ಅರ್ಧ ಎದೆಯ ಕೂದಲ ಮೇಲೆ ಚೆಲ್ಲಿತು. ವಾಂತಿ ಆಗಲಿಲ್ಲ.

ಸೊಸೆಗೆ ಮಾತ್ರ ಸಮಾಧಾನ ಇರಲಿಲ್ಲ. ಅವರು ಮಾಡಿದ ಒಂದು ಕೆಲಸ ಈ ಇಡೀ ಪ್ರಕರಣದ ಮೊದಲ ತಿರುವು. ಅಡುಗೆಮನೆಯ ತಕ್ಕಡಿ ತಂದು, ಪ್ಯಾಕೆಟ್‌ನಲ್ಲಿ ಉಳಿದ ದ್ರಾಕ್ಷಿ ತೂಗಿದರು. 305 ಗ್ರಾಂ ಇತ್ತು. ಆಮೇಲೆ ಅತ್ತೆಯನ್ನು ಕರೆದು, ಬೆಳಗ್ಗೆ ಪಾಯಸಕ್ಕೆ ಹಾಕಿದಷ್ಟೇ ಒಂದು ಹಿಡಿ ತೆಗೆಯಿರಿ ಅಂತ ಹೇಳಿ ಅದನ್ನೂ ತೂಗಿದರು. 38 ಗ್ರಾಂ. ಮಂಚದ ಕೆಳಗೆ ಹತ್ತಿಪ್ಪತ್ತು ಹಣ್ಣು ಬಿದ್ದಿದ್ದವು. ಅದನ್ನೆಲ್ಲ ಕಳೆದರೆ ಪಾಂಡು ಹೊಟ್ಟೆಗೆ ಹೋದದ್ದು ಸುಮಾರು 150 ಗ್ರಾಂ. "ನಾಲ್ಕೇ ನಾಲ್ಕು ತಿಂದಿರಬೇಕು" ಅನ್ನುತ್ತಿದ್ದ ಮಾವ ಸುಮ್ಮನಾದರು. ಅದೇ ಹೊತ್ತಿಗೆ ಪಾಂಡು ಒಂದು ಸಲ ವಾಂತಿ ಮಾಡಿತು. ನೀರು ಕುಡಿದು ಊದಿಕೊಂಡ ದ್ರಾಕ್ಷಿ, ಒಂದು ಹತ್ತು ಇರಬಹುದು. ಆಮೇಲೆ ಮತ್ತೆ ಬಾಲ ಆಡಿಸಿತು.

ಅವರು ನನಗೆ ಫೋನ್ ಮಾಡಿದ್ದು ಆಗ. ಗಾಬರಿಯಲ್ಲಿದ್ದರೂ ಮೊದಲ ಮಾತೇ, "ಮೇಡಂ, ಎಂಟು ಕೆಜಿ ನಾಯಿ, ನೂರೈವತ್ತು ಗ್ರಾಂ ಒಣದ್ರಾಕ್ಷಿ, ನಾಲ್ಕು ಗಂಟೆ ಆಗಿರಬಹುದು." ಇಂಥ ಫೋನ್ ಅಪರೂಪ. ಸಾಮಾನ್ಯವಾಗಿ "ಸ್ವಲ್ಪ ತಿಂದಿದೆ" ಅನ್ನುತ್ತಾರೆ. ಆ ಸ್ವಲ್ಪ ಅಂದರೆ ಎಷ್ಟು ಅಂತ ತಿಳಿಯೋಕೆ ಹತ್ತು ನಿಮಿಷ ಬೇಕಾಗುತ್ತದೆ.

ಆ ಲೆಕ್ಕ ಯಾಕೆ ಮುಖ್ಯ

ಕೆಜಿ ತೂಕಕ್ಕೆ ಸುಮಾರು 18 ಗ್ರಾಂ ಆಯಿತು. ನಾಯಿಗಳಿಗೆ ಕಿಡ್ನಿ ಪೆಟ್ಟು ಬಿದ್ದ ದಾಖಲೆಗಳಲ್ಲಿ ಒಣದ್ರಾಕ್ಷಿಯ ಕಡಿಮೆ ಪ್ರಮಾಣ ಕೆಜಿಗೆ ಸುಮಾರು 3 ಗ್ರಾಂ. ಪಾಂಡು ತೂಕಕ್ಕೆ ಅದು 25 ಗ್ರಾಂ ಆಗುತ್ತೆ. ಅಂದರೆ ಅಜ್ಜಿಯ ಒಂದು ಹಿಡಿಗಿಂತ ಕಡಿಮೆ! ಯಜಮಾನರು ದಿನಾ ಕೊಡುತ್ತಿದ್ದ ಐದು ಹಣ್ಣು ಸೇರಿಸಿದರೂ ಎರಡೂವರೆ ಗ್ರಾಂ ದಾಟದು, ಅದರ ಹತ್ತನೇ ಒಂದು ಭಾಗ. ದಿನಾ ತಿಂದು ಏನೂ ಆಗದೆ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ, ಆದರೆ ಅದರಿಂದ 150 ಗ್ರಾಂ ಬಗ್ಗೆ ಏನೂ ತಿಳಿಯುವುದಿಲ್ಲ. ಹಾಗಂತ 3 ಗ್ರಾಂಗಿಂತ ಕೆಳಗೆ ಇದ್ದರೆ ಭಯ ಇಲ್ಲ ಅಂತಲೂ ಅಲ್ಲ. ಇಷ್ಟು ತಿಂದರೆ ಖಂಡಿತ ಏನೂ ಆಗಲ್ಲ ಅನ್ನೋ ಗೆರೆಯನ್ನು ಯಾರೂ ಎಳೆದಿಲ್ಲ. ಒಂದೇ ಪ್ರಮಾಣ ತಿಂದ ಎರಡು ನಾಯಿಗಳಲ್ಲಿ ಒಂದು ಆರಾಮಾಗಿ ಇದ್ದು ಇನ್ನೊಂದರ ಕಿಡ್ನಿ ನಿಂತುಹೋದ ಉದಾಹರಣೆಗಳು ಇವೆ.

ಈ ವ್ಯತ್ಯಾಸ ಯಾಕೆ ಅನ್ನೋದು ಬಹಳ ವರ್ಷ ಯಾರಿಗೂ ಅರ್ಥ ಆಗಿರಲಿಲ್ಲ. ದ್ರಾಕ್ಷಿ ನಾಯಿಗೆ ವಿಷ ಅನ್ನೋದೇ ಹೊಸ ವಿಷಯ. ಅಮೆರಿಕದ ಪ್ರಾಣಿ ವಿಷ ಸಹಾಯ ಕೇಂದ್ರಕ್ಕೆ ಬರುತ್ತಿದ್ದ ಕರೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದು ಕಣ್ಣಿಗೆ ಬಿತ್ತು, 2001ರಲ್ಲಿ ಅಲ್ಲಿನ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. ಆಮೇಲೆ ಕೀಟನಾಶಕ ಇರಬಹುದು, ಬೂಷ್ಟಿನ ವಿಷ ಇರಬಹುದು, ಭಾರಲೋಹ ಇರಬಹುದು ಅಂತೆಲ್ಲ ಹುಡುಕಿದರು. ಯಾವುದೂ ಹೊಂದಲಿಲ್ಲ. ಔಷಧಿ ಹೊಡೆಯದ ಹಿತ್ತಲ ಬಳ್ಳಿಯ ಹಣ್ಣು ತಿಂದ ನಾಯಿಗೂ ಅದೇ ಆಗುತ್ತಿತ್ತು.

ಗಂಟು ಬಿಚ್ಚಿದ್ದು ಬೇರೆ ಕಡೆಯಿಂದ. ಮಕ್ಕಳು ಆಡೋಕೆ ಮನೆಯಲ್ಲೇ ಕಲಸಿದ ಹಿಟ್ಟಿನ ಉಂಡೆಯನ್ನು ಒಂದು ನಾಯಿ ತಿಂದಿತ್ತು. ಅದಕ್ಕೆ ದ್ರಾಕ್ಷಿ ತಿಂದ ನಾಯಿಗೆ ಬರುವಂಥದ್ದೇ ಕಿಡ್ನಿ ತೊಂದರೆ ಬಂತು. ಆ ಹಿಟ್ಟಿನಲ್ಲಿ ಕ್ರೀಮ್ ಆಫ್ ಟಾರ್ಟರ್ ಇತ್ತು, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲೂ ಅದೇ ಆಮ್ಲ ಇದೆ, ಬೇರೆ ಹೆಚ್ಚಿನ ಹಣ್ಣುಗಳಲ್ಲಿ ಅಷ್ಟು ಇರಲ್ಲ. 2021ರಲ್ಲಿ ಅದೇ ಕೇಂದ್ರದ ವೈದ್ಯರು ಇದನ್ನು ಕಾರಣ ಅಂತ ಮುಂದಿಟ್ಟರು. ತಳಿ, ಮಾಗಿದ ಹದ, ಬೆಳೆದ ಜಾಗ ಇವುಗಳ ಮೇಲೆ ಆಮ್ಲದ ಪ್ರಮಾಣ ಏರುಪೇರಾಗುತ್ತದೆ. ಹೋದ ತಿಂಗಳ ಪ್ಯಾಕೆಟ್‌ನಿಂದ ಏನೂ ಆಗಲಿಲ್ಲ ಅನ್ನೋದಕ್ಕೆ ಈ ತಿಂಗಳ ಪ್ಯಾಕೆಟ್ ಬದ್ಧವಾಗಿರಬೇಕಾಗಿಲ್ಲ. ಮನುಷ್ಯರ ಕಿಡ್ನಿ ಇದನ್ನು ಸುಲಭವಾಗಿ ಹೊರಗೆ ಹಾಕುತ್ತದೆ, ನಾಯಿಯದ್ದು ಅಷ್ಟು ಚುರುಕಿಲ್ಲ.

ಇನ್ನು ಒಣದ್ರಾಕ್ಷಿಯೇ ಜಾಸ್ತಿ ಅಪಾಯ ಯಾಕೆ? ಸುಮಾರು ನಾಲ್ಕು ಕೆಜಿ ಹಸಿ ಹಣ್ಣು ಒಣಗಿದರೆ ಒಂದು ಕೆಜಿ ಒಣದ್ರಾಕ್ಷಿ. ಪಾಂಡು ತಿಂದದ್ದು ಆರುನೂರು ಗ್ರಾಂ ಹಸಿ ದ್ರಾಕ್ಷಿಗೆ ಸಮ. ಎಂಟು ಕೆಜಿ ನಾಯಿ ಅಷ್ಟು ಹಸಿ ಹಣ್ಣನ್ನು ಒಂದೇ ಸಲ ತಿನ್ನೋದು ಕಷ್ಟ. ಒಣಗಿದ್ದಾದರೆ ಐದೇ ನಿಮಿಷ.

ಫೋನಿನಲ್ಲಿ ಹೇಳಿದ್ದು, ರಾತ್ರಿ ಮಾಡಿದ್ದು

ಮೊದಲು ಹೇಳಿದ್ದು ಉಪ್ಪುನೀರು ನಿಲ್ಲಿಸಿ ಅಂತ. ಉಪ್ಪಿನಿಂದ ವಾಂತಿ ಆಗುತ್ತೆ ಅನ್ನೋ ಖಾತ್ರಿ ಇಲ್ಲ, ಆಗದಿದ್ದರೆ ಆ ಉಪ್ಪು ಒಳಗೇ ಉಳಿದು ರಕ್ತದಲ್ಲಿ ಸೋಡಿಯಂ ಏರಿಸುತ್ತದೆ. ಅದು ವಿಪರೀತ ಏರಿದರೆ ಫಿಟ್ಸ್ ಬರಬಹುದು, ಸಾಯಲೂಬಹುದು. ಒಂದು ವಿಷಕ್ಕೆ ಇನ್ನೊಂದು ವಿಷ ಸೇರಿಸಿದ ಹಾಗೆ. ಎರಡನೆಯದು, ಈಗಲೇ ಹೊರಡಿ. ಅವರ ಊರಿನ ಸರ್ಕಾರಿ ಪಶು ಆಸ್ಪತ್ರೆ ಆ ಹೊತ್ತಿಗೆ ಮುಚ್ಚಿರುತ್ತದೆ, ನನ್ನ ಕ್ಲಿನಿಕ್ ಇರೋದು ನಲವತ್ತು ಕಿಲೋಮೀಟರ್ ದೂರ. ಯಜಮಾನರಿಗೆ ಹಬ್ಬದ ರಾತ್ರಿ ಕಳಶ ಕದಲಿಸದೆ ಮನೆಯವರು ಹೊರಗೆ ಹೋಗೋದು ಇಷ್ಟ ಇರಲಿಲ್ಲ. ಬೆಳಗ್ಗೆ ಹೋದರಾಯಿತು ಅಂದರಂತೆ. ಸೊಸೆ ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟೇಬಿಟ್ಟರು. ಎರಡನೇ ತಿರುವು ಇದು. ಬೆಳಗ್ಗೆವರೆಗೆ ಕಾದಿದ್ದರೆ ಹೊಟ್ಟೆಯಲ್ಲಿ ತೆಗೆಯೋಕೆ ಬಹುಶಃ ಏನೂ ಉಳಿದಿರುತ್ತಿರಲಿಲ್ಲ.

ಹನ್ನೊಂದಕ್ಕೆ ಬಂದರು. ಪಾಂಡು ಮೇಜಿನ ಮೇಲೆ ನಿಂತು ನನ್ನ ಕೈ ನೆಕ್ಕುತ್ತಿತ್ತು. ನೋಡಿದವರು ಯಾರೂ ಇದಕ್ಕೆ ಕಾಯಿಲೆ ಅನ್ನೋಲ್ಲ.

ತಿಂದು ಐದು ಗಂಟೆಯ ಮೇಲಾಗಿತ್ತು. ಬೇರೆ ವಿಷ ಆಗಿದ್ದರೆ ಎರಡು ಗಂಟೆ ದಾಟಿದ ಮೇಲೆ ವಾಂತಿ ಮಾಡಿಸಿ ದೊಡ್ಡ ಪ್ರಯೋಜನ ಇಲ್ಲ ಅನ್ನುತ್ತೇವೆ. ಒಣದ್ರಾಕ್ಷಿ ಹಾಗಲ್ಲ, ಅದು ಹೊಟ್ಟೆಯಲ್ಲೇ ಊದಿಕೊಂಡು ಗಂಟೆಗಟ್ಟಲೆ ಕೂತಿರುತ್ತದೆ. ಮನೆಯಲ್ಲಿ ಆದ ವಾಂತಿಯಲ್ಲಿ ಇಡೀ ಹಣ್ಣುಗಳೇ ಬಂದಿದ್ದವು, ಅಂದರೆ ಇನ್ನೂ ಇವೆ. ಉಪ್ಪುನೀರು ಶ್ವಾಸಕೋಶಕ್ಕೆ ಹೋಗಿಲ್ಲ ಅಂತ ಎದೆ ಕೇಳಿ ನೋಡಿಕೊಂಡು ವಾಂತಿ ಬರಿಸುವ ಔಷಧಿ ಕೊಟ್ಟೆ. ಒಂದು ಬಟ್ಟಲು ತುಂಬ ದ್ರಾಕ್ಷಿ ಬಂತು. ತಿಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರಬಹುದು ಅಂತ ನನ್ನ ಅಂದಾಜು. ಊದಿದ ಹಣ್ಣನ್ನು ತೂಗಿ ಲೆಕ್ಕ ಹಾಕೋದಕ್ಕೆ ಅರ್ಥ ಇಲ್ಲ, ಅದರಲ್ಲಿ ನೀರೂ ಸೇರಿರುತ್ತೆ.

ವಿಷ ಅಂದ ಕೂಡಲೇ ಇದ್ದಿಲಿನ ಪುಡಿ ಕೊಡೋ ಅಭ್ಯಾಸ ಇದೆ. ಇಲ್ಲಿ ಕೊಡಲಿಲ್ಲ. ಟಾರ್ಟಾರಿಕ್ ಆಮ್ಲವನ್ನು ಅದು ಚೆನ್ನಾಗಿ ಹಿಡಿಯೋದಿಲ್ಲ ಅನ್ನೋದು ಈಗಿನ ತಿಳಿವಳಿಕೆ. ಜೊತೆಗೆ ಇದ್ದಿಲು ಕೂಡ ಕೆಲವು ನಾಯಿಗಳಲ್ಲಿ ಸೋಡಿಯಂ ಏರಿಸುತ್ತದೆ, ಉಪ್ಪುನೀರು ಕುಡಿದು ಬಂದ ನಾಯಿಗೆ ಅದು ಬೇಕಾಗಿರಲಿಲ್ಲ. ಸೋಡಿಯಂ 157 ಇತ್ತು, ಮೇಲಿನ ಗೆರೆಯಿಂದ ಸ್ವಲ್ಪ ಆಚೆ. ಕ್ರಿಯಾಟಿನಿನ್ 1.0, ಸರಿಯಾಗಿತ್ತು. ಇದು ಕಿಡ್ನಿ ಹೊರಗೆ ಹಾಕಬೇಕಾದ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸೋ ಇಂಜೆಕ್ಷನ್ ಕೊಟ್ಟು, ಕನಿಷ್ಠ ಎರಡು ದಿನ ಇಲ್ಲೇ ಇರಬೇಕು ಅಂದೆ.

ರಕ್ತ ಸರಿಯಾಗಿದ್ದರೆ ಡ್ರಿಪ್ ಯಾಕೆ ಅಂತ ಸೊಸೆಯೇ ಕೇಳಿದರು. ಒಳ್ಳೆ ಪ್ರಶ್ನೆ. ದ್ರಾಕ್ಷಿ ಕಿಡ್ನಿಗೆ ಮಾಡುವ ಪೆಟ್ಟು ರಕ್ತದಲ್ಲಿ ಕಾಣೋಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಕ್ರಿಯಾಟಿನಿನ್ ಏರಿದ ಮೇಲೆ ಡ್ರಿಪ್ ಶುರು ಮಾಡಿದರೆ ತಡವಾಗಿರುತ್ತದೆ. ನಾಯಿ ಚೆನ್ನಾಗಿ ಕಾಣುವ ಈ ಮೊದಲ ದಿನವೇ ಚಿಕಿತ್ಸೆಗೆ ಸಿಗುವ ದಿನ. ಹಾಗಾಗಿ ಎಷ್ಟು ತಿಂದಿದೆ ಅನ್ನೋದು ನೋಡಿ ತೀರ್ಮಾನ ಮಾಡಬೇಕು, ಮುಖ ನೋಡಿ ಅಲ್ಲ.

ಶನಿವಾರ ರಾತ್ರಿಯ ರಿಪೋರ್ಟ್

ಶನಿವಾರ ಹಗಲು ಪಾಂಡು ಸ್ವಲ್ಪ ಅನ್ನ, ಕೋಳಿ ತಿಂದಿತು. ಒಂದು ಸಲ ಭೇದಿ. ಸೋಡಿಯಂ ಸರಿಹೋಯಿತು. ಸಂಜೆ ಯಜಮಾನರೇ ಬಂದರು, ಮಗನೂ ವಿಜಯಪುರದಿಂದ ರಾತ್ರಿ ಬಸ್ಸಿಗೆ ಬಂದಿದ್ದರು. ರಾತ್ರಿ ಮತ್ತೆ ರಕ್ತ ತೆಗೆದೆ. ಕ್ರಿಯಾಟಿನಿನ್ 1.3.

ರಿಪೋರ್ಟ್‌ನ ಪಕ್ಕದಲ್ಲಿ ನಾರ್ಮಲ್ ಅಂತ 0.5ರಿಂದ 1.8 ಅಂತ ಅಚ್ಚಾಗಿರುತ್ತದೆ. ಯಜಮಾನರು ನಿವೃತ್ತ ಲೆಕ್ಕಪತ್ರದವರು, ಅಂಕಿ ಓದೋದು ಬರುತ್ತೆ. "ಎಲ್ಲಾ ನಾರ್ಮಲ್ ಒಳಗೇ ಇದೆಯಲ್ಲಮ್ಮ. ತಿಂತಾ ಇದೆ, ಓಡಾಡ್ತಾ ಇದೆ. ಮನೆಗೆ ಕರ್ಕೊಂಡು ಹೋಗ್ತೀವಿ" ಅಂದರು. ಮಾತು ಒರಟಾಗಿರಲಿಲ್ಲ. ದಿನದ ಬಿಲ್ಲು ಏರುತ್ತಿತ್ತು, ಅದನ್ನೂ ಮರೆಯೋ ಹಾಗಿಲ್ಲ.

ಇದು ಮೂರನೇ ತಿರುವು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಆ ಅಚ್ಚಾದ ನಾರ್ಮಲ್ ಎಲ್ಲಾ ನಾಯಿಗಳಿಗೆ ಸೇರಿಸಿ ಹಾಕಿದ್ದು. ಪಾಂಡುವಿನ ಸ್ವಂತ ಅಂಕಿ ಹಿಂದಿನ ರಾತ್ರಿ 1.0 ಇತ್ತು. ಎರಡು ದಿನದೊಳಗೆ 0.3 ಏರಿದರೆ ಅದು ಹೊಸ ಕಿಡ್ನಿ ಪೆಟ್ಟಿನ ಗುರುತು ಅಂತ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಗುಂಪು ಹೇಳುತ್ತದೆ, ನಾರ್ಮಲ್ ಒಳಗೇ ಇದ್ದರೂ ಸರಿ. ಅದೂ ಡ್ರಿಪ್ ಹೋಗುತ್ತಿರುವಾಗ ಏರುತ್ತಿದೆ. ಶುಕ್ರವಾರ ರಾತ್ರಿ ರಕ್ತ ತೆಗೆಯದೆ ಶನಿವಾರ ಮಾತ್ರ ತೆಗೆದಿದ್ದರೆ 1.3 ನೋಡಿ ಯಾರಾದರೂ ಮನೆಗೆ ಕಳಿಸುತ್ತಿದ್ದರು. ಚೆನ್ನಾಗಿರೋ ನಾಯಿಗೂ ಬಂದ ತಕ್ಷಣ ಒಂದು ರಕ್ತಪರೀಕ್ಷೆ ಮಾಡಿಸಿ ಇಟ್ಟುಕೊಳ್ಳೋದು ಇದಕ್ಕೆ.

ಮೂತ್ರವನ್ನೂ ನೋಡಿದೆವು. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ ಸಕ್ಕರೆ ತೋರಿಸಿತು. ರಕ್ತದ ಸಕ್ಕರೆ ಸರಿಯಾಗಿತ್ತು, ಡ್ರಿಪ್‌ನಲ್ಲಿ ಗ್ಲೂಕೋಸ್ ಇರಲಿಲ್ಲ. ಹಾಗಿದ್ದೂ ಮೂತ್ರದಲ್ಲಿ ಸಕ್ಕರೆ ಬಂದರೆ, ಸೋಸಿದ ಮೇಲೆ ಬೇಕಾದ್ದನ್ನು ವಾಪಸ್ ಎಳೆದುಕೊಳ್ಳುವ ಕಿಡ್ನಿಯ ಸಣ್ಣ ನಳಿಕೆಗಳು ಕೆಲಸ ಬಿಡುತ್ತಿವೆ ಅಂತ ಅರ್ಥ. ದ್ರಾಕ್ಷಿ ಹೊಡೆಯೋದು ಅಲ್ಲಿಗೇ. ಆ ಪಟ್ಟಿಯನ್ನು ಯಜಮಾನರ ಕೈಗೆ ಕೊಟ್ಟು ಬಣ್ಣ ಹೋಲಿಸಿ ನೋಡಲು ಹೇಳಿದೆ. ಮಾತಿಗಿಂತ ಅದು ಕೆಲಸ ಮಾಡಿತು. "ಸರಿ, ಇರಲಿ ಬಿಡಿ" ಅಂದರು.

ಮಗನ ಪ್ರಶ್ನೆ ಬಾಕಿ ಇತ್ತು. ತೋಟದ ನಾಯಿಗಳು? ನಾನು ಕೇಳಿದೆ, ತೋಟದ ನಾಯಿ ಮೂರು ದಿನ ಅನ್ನ ಬಿಟ್ಟು ಎಲ್ಲೋ ಮೂಲೆಯಲ್ಲಿ ಬಿದ್ದುಕೊಂಡು ಸತ್ತರೆ ಜನ ಏನನ್ನುತ್ತಾರೆ? ಹಾವು ಕಚ್ಚಿರಬೇಕು, ಯಾರೋ ವಿಷ ಹಾಕಿರಬೇಕು, ವಯಸ್ಸಾಗಿತ್ತು. ನಾಲ್ಕು ದಿನದ ಹಿಂದೆ ಅದು ಏನು ತಿಂದಿತ್ತು ಅಂತ ಯಾರು ನೆನಪಿಟ್ಟಿರುತ್ತಾರೆ? ಉಳಿದ ನಾಯಿಗಳು ಕಣ್ಣಿಗೆ ಕಾಣುತ್ತವೆ, ಸತ್ತವು ಲೆಕ್ಕಕ್ಕೆ ಬರಲ್ಲ. ಅವರು ಇನ್ನೊಂದು ಕೇಳಿದರು, ಅಲ್ಲಿ ಒಣಗಿಸುವ ಮುಂಚೆ ದ್ರಾಕ್ಷಿಯನ್ನು ಒಂದು ದ್ರಾವಣದಲ್ಲಿ ಅದ್ದುತ್ತಾರೆ, ಅದರಿಂದ ಆಗಿರಬಹುದಾ ಅಂತ. ಅದ್ದದೆ ಒಣಗಿಸಿದ್ದು, ಬಳ್ಳಿಯಿಂದ ಕಿತ್ತ ಹಸಿ ಹಣ್ಣು, ಎಲ್ಲದರಿಂದಲೂ ಇದು ಆಗಿದೆ. ತೊಳೆದು ಕೊಟ್ಟರೂ ಹೋಗಲ್ಲ, ಆಮ್ಲ ಇರೋದು ಹಣ್ಣಿನ ಒಳಗೆ.

ಭಾನುವಾರದಿಂದ ಬುಧವಾರ

ಭಾನುವಾರ ಬೆಳಗ್ಗೆ 1.9. ಪಾಂಡು ಊಟ ಬಿಟ್ಟಿತು, ಮತ್ತೆ ವಾಂತಿ. ಈಗ ಅದು ಕಾಯಿಲೆಯ ನಾಯಿ ಥರ ಕಾಣಿಸಿತು. ಸೋಮವಾರ 2.7.

ಈ ಎರಡು ದಿನ ನೋಡಬೇಕಾದ್ದು ಒಂದೇ, ಮೂತ್ರ ಎಷ್ಟು ಬರುತ್ತಿದೆ. ಕೆಜಿಗೆ ಗಂಟೆಗೆ ಒಂದೆರಡು ಮಿಲಿ ಆದರೂ ಬರಬೇಕು, ಡ್ರಿಪ್ ಹೋಗುತ್ತಿರುವಾಗ ಇನ್ನೂ ಜಾಸ್ತಿ. ನಮ್ಮಂಥ ಸಣ್ಣ ಕ್ಲಿನಿಕ್‌ನಲ್ಲಿ ದೊಡ್ಡ ಯಂತ್ರ ಏನೂ ಇಲ್ಲ. ಹಾಸಿದ ಪ್ಯಾಡ್ ಒಣಗಿದ್ದಾಗ ಒಮ್ಮೆ, ಒದ್ದೆಯಾದ ಮೇಲೆ ಒಮ್ಮೆ ತೂಗಿದರೆ ಆಯಿತು, ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿ. ಸೊಸೆ ಇದನ್ನು ಬಹಳ ಅಚ್ಚುಕಟ್ಟಾಗಿ ಮಾಡಿದರು, ತಕ್ಕಡಿ ಹಿಡಿಯೋದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ನಾಯಿಯ ತೂಕವನ್ನೂ ದಿನಕ್ಕೆ ಮೂರು ಸಲ ನೋಡುತ್ತಿದ್ದೆವು. ಮೂತ್ರ ಕಡಿಮೆ ಆಗಿ ತೂಕ ಏರಿದರೆ ಡ್ರಿಪ್ ನೀರು ದೇಹದಲ್ಲೇ ನಿಲ್ಲುತ್ತಿದೆ ಅಂತ. ಆಗ ಹೆಚ್ಚು ಡ್ರಿಪ್ ಕೊಡುತ್ತಾ ಹೋದರೆ ಶ್ವಾಸಕೋಶ ತುಂಬಿ ಅದರಿಂದಲೇ ಸಾಯುತ್ತದೆ. ಜಾಸ್ತಿ ಡ್ರಿಪ್ ಅಂದರೆ ಜಾಸ್ತಿ ಒಳ್ಳೇದು ಅನ್ನೋ ನಂಬಿಕೆ ಮನೆಯವರಲ್ಲಷ್ಟೇ ಅಲ್ಲ, ನಮ್ಮವರಲ್ಲೂ ಇದೆ.

ಪಾಂಡುಗೆ ಮೂತ್ರ ನಿಲ್ಲಲಿಲ್ಲ. ಪ್ರಕರಣ ಬದುಕಿನ ಕಡೆ ವಾಲಿದ್ದು ಇದರಿಂದ. ನಿಂತಿದ್ದರೆ ಉಳಿಯುವ ದಾರಿ ಡಯಾಲಿಸಿಸ್ ಒಂದೇ, ನಾಯಿಗೆ ಅದು ಸಿಗೋದು ಚೆನ್ನೈನ ಮದ್ರಾಸ್ ಪಶುವೈದ್ಯ ಕಾಲೇಜಿನಂಥ ಕೆಲವೇ ಕಡೆ. ಭಾನುವಾರ ರಾತ್ರಿ ನಾನು ಮನೆಯವರಿಗೆ ಇದನ್ನು ಮುಚ್ಚಿಡದೆ ಹೇಳಿದ್ದೆ. ಮಗ ಚೆನ್ನೈಗೆ ಗಾಡಿ ಕೇಳಿಟ್ಟಿದ್ದರು. ಬೇಕಾಗಲಿಲ್ಲ.

ಮಂಗಳವಾರ 2.2 ಆಯಿತು. ಬುಧವಾರ 1.6, ಆ ದಿನ ಬೆಳಗ್ಗೆ ತಾನಾಗಿ ಎದ್ದು ಬಟ್ಟಲ ಹತ್ತಿರ ಹೋಯಿತು. ಸಂಜೆ ಮನೆಗೆ ಕಳಿಸಿದೆ. ಮುಂದಿನ ವಾರ 1.2, ಮೂತ್ರದಲ್ಲಿ ಸಕ್ಕರೆ ಇಲ್ಲ. 1.0ಗೆ ವಾಪಸ್ ಬರಲಿಲ್ಲ, ಬರುತ್ತೆ ಅಂತ ನಾನು ಹೇಳಲೂ ಇಲ್ಲ. ಕಿಡ್ನಿಯ ಒಂದು ಪಾಲು ಹೋಗಿರಬಹುದು, ಉಳಿದದ್ದು ಕೆಲಸ ಮಾಡಿಕೊಂಡು ಹೋಗುತ್ತದೆ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ ಅಂದಿದ್ದೇನೆ. ಮನುಷ್ಯರ ನೋವಿನ ಮಾತ್ರೆ ಅಂತೂ ಮುಟ್ಟಲೇಬೇಡಿ.

ಆ ರಾತ್ರಿ ವಾಂತಿ ಮಾಡಿಸದೆ, ಡ್ರಿಪ್ ಹಾಕದೆ ಇದ್ದಿದ್ದರೂ ಇದು ಬದುಕುತ್ತಿತ್ತಾ? ಒಂದು ನಾಯಿಯನ್ನು ಇಟ್ಟುಕೊಂಡು ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಅರ್ಧಕ್ಕಿಂತ ಜಾಸ್ತಿ ದ್ರಾಕ್ಷಿ ಹೊರಗೆ ಬಂದ ಮೇಲೂ ಕ್ರಿಯಾಟಿನಿನ್ 2.7 ಮುಟ್ಟಿತು ಅನ್ನೋದನ್ನು ಮಾತ್ರ ಹೇಳಬಲ್ಲೆ. ಪೂರ್ತಿ ಒಳಗೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಆಮೇಲೆ ಬಂದ ಪ್ರಶ್ನೆಗಳು

ಮನೆಗೆ ಹೋಗುವ ದಿನ ಯಜಮಾನರು ಒಂದು ಚೀಟಿ ತಂದಿದ್ದರು. ಪೂಜೆ ಆದ ಮೇಲೆ ಇನ್ನು ಏನು ಕೊಡೋದು ಅಂತ. ಬಾಳೆಹಣ್ಣಿನ ಒಂದು ತುಂಡು, ಸೌತೆಕಾಯಿ, ಬೀಜ ತೆಗೆದ ಸೇಬು ಕೊಡಿ. ಉಪ್ಪು ಹಾಕದ ಹುರಿದ ಕಡಲೆಕಾಯಿ ಎರಡು ಮೂರು ಪರವಾಗಿಲ್ಲ. ಕೊಬ್ಬರಿ ಚೂರು ಆಗುತ್ತೆ, ಆದರೆ ಪಾಂಡು ತೂಕ ನೋಡಿದರೆ ಬೇಡ. ಕಲ್ಲುಸಕ್ಕರೆಯಿಂದ ಕಿಡ್ನಿಗೆ ಏನೂ ಆಗಲ್ಲ ಅಂದೆ, ಹಲ್ಲಿಗೂ ಹೊಟ್ಟೆಗೂ ಒಳ್ಳೇದಲ್ಲ ಅಂತಲೂ ಅಂದೆ. ಅವರಿಗೆ ಮೊದಲನೆಯದು ಮಾತ್ರ ಕೇಳಿಸಿತು ಅಂತ ಕಾಣುತ್ತೆ.

ಪಾಯಸದಲ್ಲಿ ಬೆಂದ ದ್ರಾಕ್ಷಿ? ಬೇಡ. ಬೇಯಿಸಿದರೆ ಆಮ್ಲ ಹೋಗಲ್ಲ. ದ್ರಾಕ್ಷಿ ಹಾಕಿದ ಕೇಕ್, ಬನ್, ಕೇಸರಿಬಾತ್, ಡ್ರೈಫ್ರೂಟ್ ಲಾಡು ಎಲ್ಲಕ್ಕೂ ಇದೇ ಉತ್ತರ. ಹಬ್ಬಕ್ಕೆ ಬರುವ ಡ್ರೈಫ್ರೂಟ್ ಡಬ್ಬಿಗಳನ್ನು ಟೀಪಾಯಿ ಮೇಲೆ ಇಡೋ ಮನೆಗಳಲ್ಲಿ ನಾಯಿ ಇದ್ದರೆ ಸ್ವಲ್ಪ ಯೋಚಿಸಿ.

ಹುಣಸೆಹಣ್ಣಿನ ವಿಷಯ ಅವರ ಚೀಟಿಯಲ್ಲಿ ಇರಲಿಲ್ಲ, ನಾನೇ ಎತ್ತಿದೆ. ದ್ರಾಕ್ಷಿ ಮನೆಯಲ್ಲಿ ಎಷ್ಟೇ ಇರಲಿ, ನಮ್ಮ ಅಡುಗೆಮನೆಯಲ್ಲಿ ಟಾರ್ಟಾರಿಕ್ ಆಮ್ಲದ ನಿಜವಾದ ಗೋದಾಮು ಹುಣಸೆ. ಅದರ ತಿರುಳಿನ ತೂಕದಲ್ಲಿ ಶೇ 8ರಿಂದ 18ರಷ್ಟು ಈ ಆಮ್ಲವೇ ಇರುತ್ತದೆ, ದ್ರಾಕ್ಷಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹುಣಸೆ ತಿಂದ ನಾಯಿಗಳಿಗೆ ದ್ರಾಕ್ಷಿಯಂಥದ್ದೇ ಕಿಡ್ನಿ ಪೆಟ್ಟು ಬಿದ್ದದ್ದು 2022ರಲ್ಲಿ ಪಶುವೈದ್ಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಜ್ಜಿಗೆ ಇದನ್ನು ಕೇಳಿ ಸಿಟ್ಟೇ ಬಂತು. "ನಮ್ಮ ಕಾಲದಿಂದ ನಾಯಿಗೆ ಸಾರನ್ನ ಹಾಕಿದ್ದೀವಿ, ಎಷ್ಟು ನಾಯಿ ಸತ್ತಿದಾವೆ?" ಅವರ ಮಾತಲ್ಲೂ ನ್ಯಾಯ ಇದೆ. ತಿಳಿಸಾರಿನಲ್ಲಿ ಒಂದು ಅಡಿಕೆ ಗಾತ್ರದ ಹುಣಸೆ ಇಡೀ ಪಾತ್ರೆಗೆ ಹಂಚಿಹೋಗಿರುತ್ತದೆ, ಅದರಲ್ಲಿ ಒಂದು ಸೌಟು ಅನ್ನಕ್ಕೆ ಕಲಸಿದರೆ ನಾಯಿಗೆ ಸಿಗೋ ಆಮ್ಲ ಬಹಳ ಕಡಿಮೆ. ಸಾರಿನ ಬಗ್ಗೆ ನನಗೆ ಇರೋ ತಕರಾರು ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನದು. ಗಟ್ಟಿ ಹುಣಸೆಯ ಮಾತು ಬೇರೆ. ಬಿಸಿಲಿಗೆ ಒಣಹಾಕಿದ ಹುಣಸೆ, ಬೆಲ್ಲ ಹಾಕಿ ಕುಟ್ಟಿದ ಹುಣಸೆ ಚಿಗಳಿ, ಮಕ್ಕಳು ಚೀಪುವ ಹುಣಸೆ ಮಿಠಾಯಿ, ಇವು ನಾಯಿಯ ಬಾಯಿಗೆ ಹೋಗಬಾರದು. ಬೆಲ್ಲ ಸೇರಿದ್ದರೆ ನಾಯಿ ಬಿಡೋದೂ ಇಲ್ಲ.

ಅಜ್ಜಿ ಸಾರನ್ನ ನಿಲ್ಲಿಸುವುದಿಲ್ಲ ಅಂತ ಅಲ್ಲೇ ಹೇಳಿದರು. ನಾನೂ ಹಟ ಮಾಡಲಿಲ್ಲ. ಹುಣಸೆ ಹಾಕುವ ಮುಂಚೆ ಬೇಳೆಕಟ್ಟನ್ನೇ ಒಂದು ಸೌಟು ತೆಗೆದಿಟ್ಟುಕೊಳ್ಳಿ, ಉಪ್ಪು ಬೇಡ, ಅದನ್ನೇ ಅನ್ನಕ್ಕೆ ಕಲಸಿ ಹಾಕಿ ಅಂದೆ, ಅದಕ್ಕೆ ಒಪ್ಪಿದರು. ಪುಳಿಯೋಗರೆ ಗೊಜ್ಜಿನ ಭರಣಿ ಮೇಲಿನ ಅಟ್ಟಕ್ಕೆ ಹೋಗಬೇಕು ಅನ್ನೋದು ಸೊಸೆಯ ತೀರ್ಮಾನ.